ಕೆರೆಯ ಮೀನಿಗೆ ತೋಟದ ಬಿದಿರು: ಗಾಳದ ಕೋಲನ್ನು ಮನೆಯಲ್ಲೇ ತಯಾರಿಸುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಅನೇಕ ಕಾಫಿ ತೋಟಗಳಲ್ಲಿ ಒಂದು ಕೆರೆಯಿರುತ್ತದೆ. ಹೂಮಳೆ ಕೈಕೊಟ್ಟ ವರ್ಷ ತುಂತುರು ನೀರಾವರಿಗೆ ಒದಗಲಿ ಎಂದು ತೋಡಿಸಿದ ಈ ಕೆರೆಗಳಲ್ಲಿ ಬೆಳೆಗಾರರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಡುವುದು ಈಗ ರೂಢಿಯಾಗಿದೆ. ಆದರೆ ಬೆಳೆದ ಮೀನನ್ನು ಹಿಡಿಯುವುದೇ ತೊಡಕು. ಗುಡ್ಡದ ಸಂದಿಯಲ್ಲಿ ಕಟ್ಟಿದ ಕೆರೆ ಆಳ. ತಳದಲ್ಲಿ ಮರದ ಬೊಡ್ಡೆ, ಬಂಡೆ. ಎಳೆಬಲೆ ಹಾಕಿದರೆ ಬಲೆ ಹರಿಯುತ್ತದೆ. ಬಲೆ ಆಗದೆಂದು ಕೆಲವರು ವಿಷ, ತೋಟೆ, ಕರೆಂಟು ಮುಂತಾದ ಕೆಟ್ಟ ದಾರಿ ಹಿಡಿಯುತ್ತಾರೆ. ಇದರಿಂದ ಮರಿಯೂ ಸಾಯುತ್ತದೆ, ಕೆರೆಯೂ ಕೆಡುತ್ತದೆ, ಒಮ್ಮೊಮ್ಮೆ ಮನುಷ್ಯರೂ ಸಾಯುತ್ತಾರೆ.

ಮನೆಯ ಊಟಕ್ಕೆ ಬೇಕಾದ ಮೀನನ್ನು ಬೇಕಾದಾಗ ಹಿಡಿಯಲು, ಮೀನು ಎಷ್ಟು ಬೆಳೆದಿದೆಯೆಂದು ಆಗಾಗ ನೋಡಲು ಗಾಳಕ್ಕಿಂತ ಸರಳ ಉಪಾಯವಿಲ್ಲ. ಸಣ್ಣ ಮೀನು ಸಿಕ್ಕಿದರೆ ಜೀವಸಹಿತ ನೀರಿಗೆ ಬಿಡಬಹುದು. ಪೇಟೆಯಲ್ಲಿ ಫೈಬರ್ ಮತ್ತು ಕಾರ್ಬನ್ ಕೋಲುಗಳು ಸಿಗುತ್ತವೆ, ನಿಜ. ಆದರೆ ತೋಟದ ಬೇಲಿಯಲ್ಲೇ ಬಿದಿರು ಮೆಳೆ ಇರುವ ರೈತನು ಒಳ್ಳೆಯ ಕೋಲನ್ನು ತಾನೇ ತಯಾರಿಸಿಕೊಳ್ಳಬಹುದು. ತನ್ನ ಕೈಯಳತೆಗೆ, ತನ್ನ ಕೆರೆಯ ದಡಕ್ಕೆ ತಕ್ಕಂತೆ ಮಾಡಿಕೊಂಡ ಕೋಲು ಕೊಂಡ ಕೋಲಿಗಿಂತ ಚೆನ್ನಾಗಿ ಒದಗುವುದೂ ಉಂಟು. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದೆ.

ಬಾಗುವ ಕೋಲೇ ಬಲವಾದ ಕೋಲು

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ಬಿಡಬೇಕು. ದೊಡ್ಡ ಮೀನಿಗೆ ದಪ್ಪ ಕೋಲು ಬೇಕು, ಬಾಗದ ಕೋಲೇ ಗಟ್ಟಿ ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ನೀರಿನಲ್ಲಿರುವ ಮೀನಿನ ತೂಕ ಕೋಲಿನ ಮೇಲೆ ಬೀಳುವುದಿಲ್ಲ. ಬೀಳುವುದು ಅದರ ಜಗ್ಗಾಟದ ಪೆಟ್ಟು. ಬಾಗದ ಕೋಲಿನಲ್ಲಿ ಆ ಪೆಟ್ಟೆಲ್ಲಾ ದಾರದ ಮೇಲೆ ಬಿದ್ದು ದಾರ ತುಂಡಾಗುತ್ತದೆ, ಇಲ್ಲವೇ ಮೀನಿನ ಬಾಯಿ ಹರಿದು ಗಾಳ ಕಳಚುತ್ತದೆ. ತುದಿಯಿಂದ ಬುಡದವರೆಗೆ ಕ್ರಮವಾಗಿ, ಒಂದೇ ಸಮನೆ ಬಾಗುವ ಕೋಲು ಪೆಟ್ಟನ್ನು ತನ್ನ ಉದ್ದಕ್ಕೂ ಹಂಚಿಕೊಳ್ಳುತ್ತದೆ. ಎಲ್ಲಾದರೂ ಒಂದು ಕಡೆ ಮಾತ್ರ ಹೆಚ್ಚು ಬಾಗಿದರೆ ಅಲ್ಲೇ ಮುರಿಯುತ್ತದೆ. ಮುಂದೆ ಹೇಳುವ ಪ್ರತಿಯೊಂದು ಕೆಲಸದ ಉದ್ದೇಶವೂ ಈ ಬಾಗು ಎಲ್ಲೂ ಕೆಡದಂತೆ ನೋಡಿಕೊಳ್ಳುವುದೇ ಆಗಿದೆ.

ಇನ್ನೆರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಒಂದು, ಬಿದಿರಿನ ಬಲವಿರುವುದು ಅದರ ಹೊರಸಿಪ್ಪೆಯ ಕಡೆ. ನಾರುಗಳು ಅಲ್ಲಿ ಒತ್ತಾಗಿರುತ್ತವೆ. ಒಳಕ್ಕೆ ಹೋದಂತೆ ವಿರಳವಾಗುತ್ತವೆ. ಆದ್ದರಿಂದ ಕೋಲು ನುಣುಪಾಗಲೆಂದು ಹೊರಮೈಯನ್ನು ಕೀಸುವುದು ಬಲವನ್ನೇ ಕೀಸಿ ತೆಗೆದಂತೆ. ಎರಡು, ಉರುಟಾದ ಗಟ್ಟಿ ಕೋಲಿನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. 10 ಮಿ.ಮೀ. ಇದ್ದ ಕಡೆ ಉಜ್ಜಿ 9 ಮಿ.ಮೀ. ಮಾಡಿದರೆ ಅಲ್ಲಿನ ಬಿಗುವಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಹೋಗಿಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಉಜ್ಜಿದರೂ ಕೋಲಿಗೆ ಅದು ಗೊತ್ತಾಗುತ್ತದೆ.

ಯಾವ ಬಿದಿರು?

ನಮ್ಮ ಜಿಲ್ಲೆಯ ರೈತರಿಗೆ ಸಾಮಾನ್ಯವಾಗಿ ದೊರೆಯುವ ಬಿದಿರುಗಳ ಗುಣದೋಷಗಳು ಹೀಗಿವೆ:

1. ಕಿರುಬಿದಿರು: ಲಕ್ಕವಳ್ಳಿ, ತರೀಕೆರೆ ಕಡೆಯ ಒಣ ಎಲೆಯುದುರುವ ಕಾಡಿನ ಸೀಮೆಯದು. ಒಣ ನೆಲದಲ್ಲಿ ಬೆಳೆದ ಸಣ್ಣ ಗಳಗಳು ಒಳಗೆ ಟೊಳ್ಳಿಲ್ಲದೆ ಗಟ್ಟಿಯಾಗಿರುತ್ತವೆ. ಗಾಳದ ಕೋಲಿಗೆ ಇದು ಉತ್ತಮ.

2. ಮರಿಹಾಳ್ ಬಿದಿರು: ಮುಳ್ಳಿಲ್ಲದ, ಹೆಚ್ಚುಕಡಿಮೆ ಗಟ್ಟಿಯಾದ, ನೇರವಾಗಿ ಬೆಳೆಯುವ ಜಾತಿ. ಪಶ್ಚಿಮ ಕರಾವಳಿ ಹಾಗೂ ಅದರ ಮೇಲಿನ ಘಟ್ಟದ ಸೀಮೆಯ ಬಿದಿರಾದ್ದರಿಂದ ನಮ್ಮ ಕಡೆ ನೆಡುವುದಕ್ಕೂ ತಕ್ಕದ್ದು. ಹೊಸದಾಗಿ ಬೇಲಿಗೆ ಬಿದಿರು ಹಾಕುವವರು ಇದನ್ನು ಯೋಚಿಸಬಹುದು.

3. ವಾಟೆ: ಮಳೆ ಹೆಚ್ಚಿರುವ ಘಟ್ಟದಂಚಿನ ಹಳ್ಳಗಳ ಬದಿಯಲ್ಲಿ ಬೆಳೆಯುತ್ತದೆ. ತೆಳು ಗೋಡೆ, ಉದ್ದ ಗೆಣ್ಣು, ಬಹಳ ಹಗುರ. ರೀಲಿಲ್ಲದ ಸಾದಾ ಕೋಲಿಗೆ ಚೆನ್ನ. ಆದರೆ ಬೇಗ ಸೀಳುತ್ತದೆ. ಆದ್ದರಿಂದ ಗೆಣ್ಣುಗಳ ನಡುವೆ ಅಲ್ಲಲ್ಲಿ ದಾರ ಸುತ್ತಬೇಕು.

4. ಹೆಬ್ಬಿದಿರು: ಮುಳ್ಳಿನ ದೊಡ್ಡ ಬಿದಿರು. ಇಡೀ ಗಳ ಕೋಲಿಗೆ ಬಾರದು. ದಪ್ಪ ಗೋಡೆಯನ್ನು ಸೀಳಿ, ಪಟ್ಟಿಗಳನ್ನು ಅಂಟಿಸಿ ಕೋಲು ಮಾಡಬಲ್ಲವರಿಗೆ ಮಾತ್ರ ಉಪಯೋಗ.

ಪಟ್ಟಿ ಅಂಟಿಸುವ ಕ್ರಮ ಹೊಸದೇನಲ್ಲ. ಆರು ತ್ರಿಕೋನ ಪಟ್ಟಿಗಳನ್ನು ಸಿಪ್ಪೆ ಹೊರಗಿರುವಂತೆ ಕೂಡಿಸಿ ಅಂಟಿಸಿದ ಕೋಲುಗಳು 19ನೆಯ ಶತಮಾನದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಪ್ರಸಿದ್ಧವಾದವು. ಚೀನಾ ದೇಶದ ಬಿದಿರು ಬಳಕೆಗೆ ಬರುವ ಮೊದಲು ಅಲ್ಲಿನ ಕುಶಲಕರ್ಮಿಗಳು ಉಪಯೋಗಿಸುತ್ತಿದ್ದುದು ಭಾರತದಿಂದ ಹಡಗೇರಿ ಹೋಗುತ್ತಿದ್ದ 'ಕಲ್ಕತ್ತಾ ಬಿದಿರ'ನ್ನು. ಅದು ನಮ್ಮ ಕಿರುಬಿದಿರಿನ ಜಾತಿಯದೆಂದೇ ಹೇಳಲಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ (1938-2007) ಗಾಳದ ಹುಚ್ಚು ಓದುಗರಿಗೆ ಗೊತ್ತೇ ಇದೆ. ಬಿದಿರೂ ನಮ್ಮದು, ಹವ್ಯಾಸವೂ ನಮ್ಮಲ್ಲಿ ಹಳೆಯದು.

ಹೂಬಿಟ್ಟ ಮೆಳೆಯ ಗಳವನ್ನು ಮಾತ್ರ ಎಂದಿಗೂ ಆರಿಸಬಾರದು. ಬಿದಿರು ದಶಕಗಳ ನಂತರ ಒಮ್ಮೆ ಹೂಬಿಟ್ಟು ಸಾಯುತ್ತದೆ. ಆ ಗಳ ಪೆಡಸಾಗಿ ಲಟಕ್ಕನೆ ಮುರಿಯುತ್ತದೆ.

ಕಡಿಯುವ ಕಾಲ ಮತ್ತು ಬಲಿತ ಗಳದ ಗುರುತು

ನವೆಂಬರ್‌ನಿಂದ ಜನವರಿಯವರೆಗೆ ಕಡಿಯಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಿದರೆ ಮೆಳೆಯಲ್ಲಿ ಏಳುತ್ತಿರುವ ಕಳಲೆ ಮುರಿಯುತ್ತದೆ, ಹಸಿ ಗಳಕ್ಕೆ ಬೂಷ್ಟು ಹಿಡಿಯುತ್ತದೆ. ಬೇಸಿಗೆ ಕೊನೆಗೆ ಗಳದಲ್ಲಿ ಪಿಷ್ಟ ಹೆಚ್ಚಿದ್ದು, ಕುಟ್ಟೆ ಹುಳು ಬೇಗ ಬೀಳುತ್ತದೆ. ಕಾಫಿ ಕೊಯ್ಲಿನ ಗಡಿಬಿಡಿಯ ದಿನಗಳೇ ಇವು ಎಂಬುದು ನಿಜ. ಆದರೆ ನಾಲ್ಕು ಗಳ ಕಡಿದು ನೆರಳಿಗಿಡಲು ಒಂದು ಸಂಜೆ ಸಾಕು.

ಮೂರರಿಂದ ನಾಲ್ಕು ವರ್ಷದ ಗಳವೇ ಆಗಬೇಕು. ಒಂದು ವರ್ಷದ ಗಳ ಕಡುಹಸಿರಾಗಿ, ಬುಡದ ಗೆಣ್ಣುಗಳಲ್ಲಿ ಹಾಳೆ ಇನ್ನೂ ಅಂಟಿಕೊಂಡಿರುತ್ತದೆ. ಒಣಗಿದಾಗ ಇದು ಸುಕ್ಕುಗಟ್ಟುತ್ತದೆ. ಬಲಿತ ಗಳದ ಹಸಿರು ಮಾಸಿರುತ್ತದೆ, ಹಾಳೆ ಉದುರಿರುತ್ತದೆ, ಮೈಮೇಲೆ ಅಲ್ಲಲ್ಲಿ ಬೂದುಬಣ್ಣದ ಕಲ್ಲುಹೂವಿನ ಮಚ್ಚೆ ಕಾಣುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ. ಕಡಿಯುವಾಗ ನೆಲದಿಂದ ಒಂದೆರಡು ಗೆಣ್ಣು ಬಿಟ್ಟು, ಗೆಣ್ಣಿನ ಸ್ವಲ್ಪ ಮೇಲೆ ಕಡಿಯಬೇಕು. ಹಾಗೆ ಮಾಡಿದರೆ ಮೋಟಿನಲ್ಲಿ ನೀರು ನಿಂತು ಮೆಳೆ ಕೊಳೆಯುವುದಿಲ್ಲ. ಒಂದು ಕೋಲು ಬೇಕಿದ್ದರೆ ನಾಲ್ಕು ಗಳ ಕಡಿಯಿರಿ. ಒಣಗಿದ ಮೇಲೆ ಒಂದು ಸೀಳಿರುತ್ತದೆ, ಒಂದು ಡೊಂಕಾಗಿರುತ್ತದೆ.

ಕಾಡಿನ ಬಿದಿರಿಗೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಅರಣ್ಯವಲ್ಲದ ಜಮೀನಿನಲ್ಲಿ ಬೆಳೆದ ಬಿದಿರನ್ನು 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಯ 'ಮರ'ದ ವ್ಯಾಖ್ಯೆಯಿಂದ ಕೈಬಿಡಲಾಗಿದೆ. ಆದರೂ ಬೇರೆಡೆಗೆ ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹದಗೊಳಿಸುವುದು

ಬಿದಿರಿನ ಕೋಲಿನ ಮೊದಲ ಶತ್ರು ಕುಟ್ಟೆ ಹುಳು. ಹುಳು ತಿನ್ನುವುದು ಗಳದ ಪಿಷ್ಟವನ್ನು. ಅದನ್ನು ತಡೆಯಲು ಎರಡು ಕ್ರಮಗಳಿವೆ.

ಹಳೆಯ ಕ್ರಮ: ಗಳವನ್ನು ಹರಿಯುವ ನೀರಿನಲ್ಲಿ ಕಲ್ಲು ಹೇರಿ ಎರಡರಿಂದ ನಾಲ್ಕು ವಾರ ಮುಳುಗಿಸಿಡುವುದು. ಪಿಷ್ಟ, ಸಕ್ಕರೆ ಅಂಶಗಳು ಬಹುಮಟ್ಟಿಗೆ ಕರಗಿ ಹೋಗುತ್ತವೆ. ನಂತರ ನೆರಳಿನಲ್ಲಿ ಒಣಗಿಸಬೇಕು.

ಔಷಧ ಕ್ರಮ: 10 ಲೀಟರ್ ನೀರಿಗೆ 300 ಗ್ರಾಂ ಬಿಳಿಗಾರ ಮತ್ತು 200 ಗ್ರಾಂ ಬೋರಿಕ್ ಆಮ್ಲ ಬೆರೆಸಿ ಶೇ. 5ರ ದ್ರಾವಣ ಮಾಡಬೇಕು. ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಹಸಿ ಗಳವನ್ನು ಇದರಲ್ಲಿ ಒಂದು ವಾರ ಮುಳುಗಿಸಿಡಬೇಕು. ಟೊಳ್ಳು ಗಳವಾದರೆ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಳಗೆಣ್ಣುಗಳನ್ನು ತೂತು ಮಾಡಿರಬೇಕು. ಉದ್ದದ ತೊಟ್ಟಿ ಇಲ್ಲದವರು ಒಂದು ಬದಿ ಮುಚ್ಚಿದ ಪಿ.ವಿ.ಸಿ. ಕೊಳವೆಯನ್ನು ನಿಲ್ಲಿಸಿ ಉಪಯೋಗಿಸಬಹುದು. ಕೈಗವಸು ಧರಿಸಬೇಕು. ಉಳಿದ ದ್ರಾವಣವನ್ನು ಕೆರೆಗಾಗಲೀ ಗಿಡದ ಬುಡಕ್ಕಾಗಲೀ ಚೆಲ್ಲಬಾರದು.

ಎರಡು ಕ್ರಮಗಳಲ್ಲೂ ಮುಂದೆ ಗಳವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ನೆಟ್ಟಗೆ ನಿಲ್ಲಿಸಿ ಎರಡು ಮೂರು ತಿಂಗಳು ಒಣಗಿಸಬೇಕು. ಕಾಫಿ ಕಣದ ಬಿಸಿಲಿಗೆ ಹರಡಿದರೆ ಹೊರಮೈ ಬೇಗ ಒಣಗಿ, ಒಳಮೈ ಹಸಿಯಾಗಿಯೇ ಉಳಿದು ಗಳ ಉದ್ದಕ್ಕೆ ಸೀಳುತ್ತದೆ. ಸೌದೆ ಒಲೆಯಿರುವ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಬಹಳ ಒಳ್ಳೆಯ ಜಾಗ. ನಿಧಾನವಾದ ಶಾಖವೂ ಹೊಗೆಯೂ ಎರಡೂ ಸಿಗುತ್ತವೆ. ವಾರಕ್ಕೊಮ್ಮೆ ತೂಗಿ ನೋಡಿ, ತೂಕ ಇಳಿಯುವುದು ನಿಂತರೆ ಗಳ ಒಣಗಿದೆ ಎಂದು ತಿಳಿಯಬೇಕು.

ಡೊಂಕು ತಿದ್ದುವುದು

ಡೊಂಕು ಹೆಚ್ಚಾಗಿ ಗೆಣ್ಣಿನಲ್ಲಿರುತ್ತದೆ. ಹೊಗೆಯಿಲ್ಲದ ಕೆಂಡದ ಮೇಲೆ ಗೆಣ್ಣನ್ನು ತಿರುಗಿಸುತ್ತಾ ಕಾಯಿಸಬೇಕು. ಉರಿ ತಾಗಬಾರದು. ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಮೂಡಿ ಹೊಳೆಯತೊಡಗಿದಾಗ ಗಳ ಮೆದುವಾಗಿದೆ ಎಂದರ್ಥ. ಕೂಡಲೇ ದಪ್ಪ ಗವಸಿನ ಕೈಯಿಂದ ಎದುರು ದಿಕ್ಕಿಗೆ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಾಗಿಸಿ, ಒದ್ದೆ ಬಟ್ಟೆ ಸುತ್ತಿ, ಆರುವ ತನಕ ಹಾಗೆಯೇ ಹಿಡಿಯಬೇಕು. ಬುಡದಿಂದ ತುದಿಯ ಕಡೆಗೆ ಒಂದೊಂದೇ ಗೆಣ್ಣು ತಿದ್ದುತ್ತಾ ಹೋಗಿ. ಕಂದುಬಣ್ಣಕ್ಕೆ ತಿರುಗುವಷ್ಟು ಕಾಯಿಸಿದರೆ ನಾರು ಸುಟ್ಟು ಪೆಡಸಾಗುತ್ತದೆ. ಕೊನೆಗೆ ಗೆಣ್ಣಿನ ಚೂಪು ಅಂಚನ್ನು ಮಾತ್ರ ಸಣ್ಣ ಅರದಿಂದ ಮಟ್ಟ ಮಾಡಬೇಕು. ಉಳಿದ ಮೈಯನ್ನು ನಯವಾದ ಉಜ್ಜುಕಾಗದದಿಂದ ಮೇಣ ಹೋಗುವಷ್ಟು ಒರೆಸಿದರೆ ಸಾಕು.

ಕೋಲಿನ ಅಳತೆ

ಕೋಲಿನ ಉದ್ದವನ್ನು ನಿರ್ಧರಿಸುವುದು ನೀವು ನಿಲ್ಲುವ ಜಾಗ.

- ದಡ ತೆರೆದಿರುವ ಕೆರೆಗೆ, ರೀಲಿಲ್ಲದ ಸಾದಾ ಕೋಲು: 10ರಿಂದ 12 ಅಡಿ.
- ಕಾಫಿ ಗಿಡ, ನೆರಳುಮರದ ಕೊಂಬೆ ನೀರಿನವರೆಗೂ ಬಾಗಿರುವ ದಡಕ್ಕೆ: 6ರಿಂದ 7 ಅಡಿ.
- ರೀಲು ಹಾಕಿ ಕೆರೆಯ ನಡುವಿಗೆ ಎಸೆಯಲು: 8 ಅಡಿ.

8 ಅಡಿಯ ಕೋಲಿಗೆ ಬುಡದಲ್ಲಿ ಸುಮಾರು 20 ಮಿ.ಮೀ., ನಡುವೆ 12 ಮಿ.ಮೀ., ತುದಿಯಲ್ಲಿ 5 ಮಿ.ಮೀ. ಇರುವ ಗಳದ ಭಾಗ ಆರಿಸಬೇಕು. ಈ ಇಳಿಜಾರು ಗಳದಲ್ಲೇ ಸಹಜವಾಗಿ ಇರಬೇಕು, ಕೆತ್ತಿ ತರುವುದಲ್ಲ. ಗಳದ ಮೇಲ್ಭಾಗದಲ್ಲಿ ಇಂಥ ತುಂಡು ಸಿಗುತ್ತದೆ.

ಸಾದಾ ಕೋಲಿನ ಒಂದು ಗುಟ್ಟು

ಮಕ್ಕಳ ಕೋಲಿನಲ್ಲಿ ದಾರವನ್ನು ತುದಿಗೆ ಮಾತ್ರ ಕಟ್ಟಿರುವುದನ್ನು ಕಾಣುತ್ತೇವೆ. ತುದಿ ಮುರಿದರೆ ಮೀನು, ದಾರ, ಗಾಳ ಎಲ್ಲವೂ ಹೋಗುತ್ತದೆ. ಅದರ ಬದಲು ದಾರವನ್ನು ಮೊದಲು ಹಿಡಿಯ ಹತ್ತಿರ ಕಟ್ಟಿ, ಕೋಲಿನ ಮೈಗೆ ಸಡಿಲವಾಗಿ ಸುತ್ತುತ್ತಾ ತುದಿಗೆ ತಂದು, ಅಲ್ಲಿ ಮತ್ತೊಂದು ಗಂಟು ಹಾಕಿ ಇಳಿಬಿಡಬೇಕು. ಆಗ ತುದಿ ಮುರಿದರೂ ದಾರ ಕೈಯಲ್ಲೇ ಇರುತ್ತದೆ. ಇಳಿಬಿಟ್ಟ ದಾರ ಕೋಲಿನಷ್ಟೇ ಉದ್ದವಿದ್ದರೆ ಗಾಳ ಸರಿಯಾಗಿ ಕೈಗೆ ಬರುತ್ತದೆ. ಈ ಕೋಲಿಗೆ ಇಷ್ಟೇ ಕೆಲಸ. ವಾರ್ನಿಷ್ ಬಳಿದರೆ ಮುಗಿಯಿತು.

ರೀಲಿನ ಕೋಲು: ಜೋಡಣೆ

ಎಂಟು ಅಡಿಯ ಕೋಲನ್ನು ಜೀಪಿನಲ್ಲಿ, ಬಸ್ಸಿನಲ್ಲಿ ಒಯ್ಯುವುದು ಕಷ್ಟ. ಸರಿಯಾಗಿ ನಡುವೆ ಎರಡು ತುಂಡು ಮಾಡಿ ಹಿತ್ತಾಳೆ ಕೊಳವೆಯಿಂದ ಜೋಡಿಸಬಹುದು. ಅರ್ಧ ಅಂಗುಲದ ಕೋಲಿಗೆ 6 ಅಂಗುಲದ ಕೊಳವೆ ಬೇಕು. 3 ಅಂಗುಲ ಕೆಳತುಂಡಿಗೆ ಎಪಾಕ್ಸಿ ಅಂಟಿನಿಂದ ಶಾಶ್ವತವಾಗಿ ಕೂರಬೇಕು. ಉಳಿದ 3 ಅಂಗುಲಕ್ಕೆ ಮೇಲ್ತುಂಡಿನ ಬುಡ ತೂರಬೇಕು. ಎಂದರೆ ಒಳಹೋಗುವ ಉದ್ದ ಕೋಲಿನ ವ್ಯಾಸದ ಆರು ಪಟ್ಟು. ಇದಕ್ಕಿಂತ ಗಿಡ್ಡವಾದರೆ ಜೋಡಣೆ ಅಲುಗಾಡಿ ಬಿದಿರು ಸೀಳುತ್ತದೆ.

ಕೋಲಿನ ಮೂತಿಗೆ ತಕ್ಕ ಕೊಳವೆ ಹುಡುಕಬೇಕೇ ಹೊರತು ಕೊಳವೆಗೆ ತಕ್ಕಂತೆ ಕೋಲನ್ನು ಕೆತ್ತಬಾರದು. ಮೇಲ್ತುಂಡು ಸಡಿಲವಾದರೆ ಅದರ ಬುಡಕ್ಕೆ ದಾರ ಸುತ್ತಿ, ಎಪಾಕ್ಸಿ ಬಳಿದು, ಒಣಗಿದ ಮೇಲೆ ಆ ದಾರದ ಪದರವನ್ನು ಮಾತ್ರ ಅರದಿಂದ ತಿದ್ದಿ ಬಿಗಿಯಾಗಿ ಕೂರುವಂತೆ ಮಾಡಿ. ಕೊಳವೆಯ ಕೆಳಬದಿಯ ಬಿದಿರಿಗೂ ಮೇಲ್ತುಂಡು ಒಳಸೇರುವ ಜಾಗದ ಮೇಲಿನ ಬಿದಿರಿಗೂ ಒಂದೊಂದು ಅಂಗುಲ ಬಿಗಿ ದಾರ ಸುತ್ತಬೇಕು. ಗಳ ಟೊಳ್ಳಾಗಿದ್ದರೆ ಮೊದಲೇ ಒಳಗೆ ಬಿದಿರಿನ ಬೆಣೆ ಅಂಟಿಸಿರಬೇಕು.

ಹಿಡಿ: ಕೋಲಿನ ತಳದಿಂದ ರೀಲು ಕೂರುವ ಜಾಗಕ್ಕೆ ನಿಮ್ಮ ಮೊಣಕೈಯಿಂದ ಅಂಗೈವರೆಗಿನ ಅಳತೆ ಇಡಿ, ಸಾಮಾನ್ಯವಾಗಿ 13-14 ಅಂಗುಲ ಬರುತ್ತದೆ. ಕೋಲಿನ ಬುಡ ಮುಂಗೈಗೆ ಒರಗಿದಾಗ ಮಣಿಕಟ್ಟಿನ ಮೇಲೆ ಭಾರ ಬೀಳುವುದಿಲ್ಲ. ಹಿಡಿಗೆ ಹತ್ತಿಯ ಹುರಿಯನ್ನು ಒತ್ತಾಗಿ ಸುತ್ತಬಹುದು. ರೀಲಿನ ಕಾಲನ್ನು ಕೂರಿಸಲು ಹಳೆಯ ಸೈಕಲ್ ಟ್ಯೂಬಿನ ತುಂಡು ಹಾಸಿ, ಅದರ ಮೇಲೆ ನೀರಿನ ಪೈಪಿಗೆ ಹಾಕುವ ಎರಡು ಕ್ಲಿಪ್ಪುಗಳಿಂದ ಬಿಗಿದರೆ ಸಾಕು. ಕ್ಲಿಪ್ಪಿನ ಚೂಪು ತುದಿಯನ್ನು ಅರದಿಂದ ಉಜ್ಜಿ, ಬಟ್ಟೆಯ ಪಟ್ಟಿ ಸುತ್ತಬೇಕು.

ಉಂಗುರಗಳ ಸ್ಥಾನ

ದಾರ ಹಾಯುವ ಉಂಗುರಗಳನ್ನು ಅಂಗಡಿಯಿಂದ ಕೊಳ್ಳಬಹುದು. ಇಲ್ಲವೇ ತುಕ್ಕು ಹಿಡಿಯದ ಉಕ್ಕಿನ 1.5 ಮಿ.ಮೀ. ತಂತಿಯಿಂದ ಬಾಗಿಸಿ ಮಾಡಿಕೊಳ್ಳಬಹುದು. ತಂತಿಯ ತುದಿ ದಾರಕ್ಕೆ ತಾಗದಂತೆ ನಯವಾಗಿರಬೇಕು. ಅಡಿಗೊಂದು ಉಂಗುರ ಎಂಬುದು ಸ್ಥೂಲ ಲೆಕ್ಕ. ತುದಿಯ ಕಡೆ ಹತ್ತಿರ ಹತ್ತಿರ, ಬುಡದ ಕಡೆ ದೂರ ದೂರ ಇರಬೇಕು. ಏಕೆಂದರೆ ಕೋಲು ಹೆಚ್ಚು ಬಾಗುವುದು ತುದಿಯಲ್ಲಿ.

8 ಅಡಿಯ ಕೋಲಿಗೆ ತುದಿಯುಂಗುರವಲ್ಲದೆ ಏಳು ಉಂಗುರಗಳು. ತುದಿಯಿಂದ ಅವುಗಳ ದೂರ ಅಂಗುಲಗಳಲ್ಲಿ: 4½, 10, 16½, 24, 33, 43½, 56. ರೀಲಿಗೆ ಹತ್ತಿರದ ಉಂಗುರ ಎಲ್ಲಕ್ಕಿಂತ ದೊಡ್ಡದಿದ್ದು, ತುದಿಗೆ ಹೋದಂತೆ ಸಣ್ಣದಾಗಬೇಕು. ಈ ಅಳತೆ ಆರಂಭಕ್ಕೆ ಮಾತ್ರ. ಪ್ರತಿ ಗಳದ ಬಾಗು ಬೇರೆ.

ಯಾವ ಬದಿಗೆ ಕಟ್ಟಬೇಕು? ಕೋಲಿನ ಬುಡವನ್ನು ಎತ್ತಿ ಹಿಡಿದು, ತುದಿಯನ್ನು ನಯವಾದ ನೆಲಕ್ಕೆ ಒರಗಿಸಿ, ನಡುವೆ ಅಂಗೈಯಿಂದ ಸ್ವಲ್ಪ ಒತ್ತಿ ಉರುಳಿಸಿ. ಕೋಲು ತಾನಾಗಿ ಒಂದು ಮಗ್ಗುಲಿಗೆ ಹೊರಳಿ ನಿಲ್ಲುತ್ತದೆ. ಕೋಲು ಸುಲಭವಾಗಿ ಬಾಗುವ ನೇರ ಅದು. ಉಂಗುರಗಳು ಆ ನೇರದಲ್ಲೇ ಇದ್ದರೆ ಮೀನು ಜಗ್ಗುವಾಗ ಕೋಲು ಕೈಯಲ್ಲಿ ತಿರುಚಿಕೊಳ್ಳುವುದಿಲ್ಲ. ಆ ನೇರವನ್ನು ಸೀಸದ ಕಡ್ಡಿಯಿಂದ ಗುರುತು ಮಾಡಿಕೊಳ್ಳಿ.

ನಂತರ ಉಂಗುರಗಳನ್ನು ಅಂಟುಪಟ್ಟಿಯಿಂದ ತಾತ್ಕಾಲಿಕವಾಗಿ ಕೂರಿಸಿ, ದಾರ ಪೋಣಿಸಿ, ದಾರದ ತುದಿಯನ್ನು ಮೊಳೆಗೆ ಕಟ್ಟಿ ಕೋಲನ್ನು ಬಾಗಿಸಿ ನೋಡಬೇಕು. ದಾರ ಕೋಲಿನ ಬಾಗನ್ನೇ ಅನುಸರಿಸಬೇಕು. ಎರಡು ಉಂಗುರಗಳ ನಡುವೆ ದಾರ ಬಿಲ್ಲಿನ ಹೆದೆಯಂತೆ ಕೋಲಿನಿಂದ ದೂರ ಸರಿದರೆ, ಅಥವಾ ಒಂದು ಉಂಗುರದಲ್ಲಿ ಮೂಲೆ ಮುರಿದಂತೆ ತಿರುಗಿದರೆ ಉಂಗುರ ಸರಿಸಿ ಮತ್ತೆ ನೋಡಿ. ಈ ಪರೀಕ್ಷೆಗೆ ಅರ್ಧ ಗಂಟೆ ಕೊಟ್ಟರೆ ಕೋಲಿನ ಆಯುಷ್ಯ ಹೆಚ್ಚುತ್ತದೆ.

ದಾರ ಸುತ್ತುವ ಕ್ರಮ

1. ಉಂಗುರದ ಪಾದದ ತುದಿಯನ್ನು ಅರದಿಂದ ತೆಳುವಾಗಿ ಇಳಿಜಾರು ಮಾಡಿ. ಇಲ್ಲವಾದರೆ ದಾರ ಪಾದದ ಮೇಲೆ ಹತ್ತುವಾಗ ಸಂದು ಬೀಳುತ್ತದೆ, ಚೂಪು ತುದಿ ಬಿದಿರಿಗೆ ಚುಚ್ಚುತ್ತದೆ.

2. ತೆಳು ನೈಲಾನ್ ನೂಲನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿ ಎಳೆದುಕೊಳ್ಳಿ. ಪುಸ್ತಕದ ಭಾರದಿಂದ ನೂಲು ಒಂದೇ ಬಿಗಿಯಲ್ಲಿ ಬರುತ್ತದೆ.

3. ಪಾದದ ತುದಿಗಿಂತ ಕಾಲು ಅಂಗುಲ ಹೊರಗೆ ಸುತ್ತಲು ಆರಂಭಿಸಿ. ನೂಲಿನ ತುದಿಯನ್ನು ಕೋಲಿನ ಉದ್ದಕ್ಕೆ ಇಟ್ಟು, ಅದರ ಮೇಲೆಯೇ ಐದಾರು ಸುತ್ತು ಹಾಕಿ, ಮಿಕ್ಕಿದ್ದನ್ನು ಕತ್ತರಿಸಿ. ಮುಂದೆ ಸುತ್ತಿಗೆ ಸುತ್ತು ತಾಗುವಂತೆ ಉಂಗುರದ ಕಡೆಗೆ ಸಾಗಿ.

4. ಕೊನೆಯ ಆರೇಳು ಸುತ್ತು ಉಳಿದಾಗ, ಬೇರೆ ನೂಲಿನ ಒಂದು ಕುಣಿಕೆಯನ್ನು, ಅದರ ಕಣ್ಣು ಉಂಗುರದ ಕಡೆಗಿರುವಂತೆ ಕೋಲಿನ ಮೇಲಿಟ್ಟು ಅದರ ಮೇಲೆ ಸುತ್ತಿ. ಸುತ್ತು ಮುಗಿದಾಗ ನೂಲನ್ನು ಕತ್ತರಿಸಿ, ತುದಿಯನ್ನು ಕುಣಿಕೆಯ ಕಣ್ಣಿಗೆ ತೂರಿಸಿ, ಕುಣಿಕೆಯ ಬಾಲವನ್ನು ಎಳೆಯಿರಿ. ತುದಿ ಸುತ್ತುಗಳ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎಲ್ಲಿಯೂ ಗಂಟು ಬೇಡ.

ವಾರ್ನಿಷ್

ಬಿದಿರಿಗೆ ತೇವ ಹೋಗದಂತೆ ಮೂರು ನಾಲ್ಕು ತೆಳು ಲೇಪ ಕೊಡಬೇಕು. ಒಂದು ಲೇಪಕ್ಕೂ ಇನ್ನೊಂದಕ್ಕೂ ಒಂದು ದಿನ ಬಿಟ್ಟು, ನಡುವೆ ನಯವಾದ ಉಜ್ಜುಕಾಗದದಿಂದ ಹಗುರವಾಗಿ ಒರೆಸಬೇಕು. ಒಂದೇ ದಪ್ಪ ಲೇಪ ಬಿರುಕು ಬಿಡುತ್ತದೆ. ಕೋಲಿನ ಎರಡೂ ಕತ್ತರಿಸಿದ ತುದಿಗಳನ್ನು ಮರೆಯದೆ ಮುಚ್ಚಿ. ನೀರು ಮೊದಲು ನುಗ್ಗುವುದು ಅಲ್ಲಿ. ನಮ್ಮ ಮಳೆಗಾಲದ ತೇವದಲ್ಲಿ ವಾರ್ನಿಷ್ ಸರಿಯಾಗಿ ಒಣಗುವುದಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳಲ್ಲೇ ಈ ಕೆಲಸ ಮುಗಿಸಬೇಕು.

ಪರೀಕ್ಷೆ ಮತ್ತು ಬಳಕೆ

ಹಿಡಿಯನ್ನು ಮೇಜಿಗೆ ಅಡ್ಡವಾಗಿ ಬಿಗಿದು, ತುದಿಗೆ ಮೊದಲು 250 ಗ್ರಾಂ, ನಂತರ 500 ಗ್ರಾಂ ತೂಗು ಹಾಕಿ ಬದಿಯಿಂದ ನೋಡಿ. ಬಾಗು ಒಂದೇ ಸಮನಾಗಿರಬೇಕು. ಒಂದು ಕಡೆ ಮಾತ್ರ ಮೂಲೆಯಾಗಿ ಬಾಗಿದರೆ ಅಲ್ಲಿ ಎರಡು ಮೂರು ಅಂಗುಲ ದಾರ ಸುತ್ತಿ ವಾರ್ನಿಷ್ ಬಳಿದು ಬಲಪಡಿಸಿ.

ಕೋಲಿಗಿಂತ ದಾರವೇ ಮೊದಲು ತುಂಡಾಗಬೇಕು ಎಂಬುದು ನಿಯಮ. ಈ ಕೋಲಿಗೆ 3-4 ಕಿಲೋ ತಡೆಯುವ ದಾರ ಸಾಕು. ರೀಲಿನ ತಡೆಯನ್ನು ದಾರದ ಶಕ್ತಿಯ ಮೂರನೆಯ ಒಂದು ಭಾಗಕ್ಕೆ ಸಡಿಲಿಸಿಡಿ. ಮೀನನ್ನು ದಡಕ್ಕೆ ತರುವಾಗ ಕೋಲನ್ನು ತಲೆಯ ಹಿಂದಕ್ಕೆ ಎತ್ತಬೇಡಿ. ಆಗ ಭಾರವೆಲ್ಲಾ ತುದಿಯ ಮೇಲೆಯೇ ಬೀಳುತ್ತದೆ. ಕೋಲಿನಿಂದ ಮೀನನ್ನು ಎತ್ತಲೇಬೇಡಿ, ಕೈಬಲೆ ಬಳಸಿ. ಬಳಸಿದ ಮೇಲೆ ಒರೆಸಿ, ಎರಡು ತುಂಡು ಮಾಡಿ, ನೆಟ್ಟಗೆ ತೂಗುಹಾಕಿ. ಗೋಡೆಗೆ ಒರಗಿಸಿಟ್ಟ ಕೋಲು ಒಂದು ಮಳೆಗಾಲದಲ್ಲಿ ಡೊಂಕಾಗುತ್ತದೆ.

ಮುರಿದ ಕೋಲು ಕಲಿಸುವ ಪಾಠ

ಮೊದಲ ಕೋಲು ಮುರಿಯಬಹುದು. ಎಸೆಯುವ ಮುನ್ನ ಮುರಿದ ಜಾಗ ನೋಡಿ:

- ತುದಿಯ ಹತ್ತಿರ ಮುರಿದರೆ: ಕೋಲನ್ನು ಹೆಚ್ಚು ಎತ್ತಿದ್ದೀರಿ.
- ಗೆಣ್ಣಿನಲ್ಲಿ ಮುರಿದರೆ: ಗೆಣ್ಣನ್ನು ಹೆಚ್ಚು ಉಜ್ಜಿದ್ದೀರಿ, ಇಲ್ಲವೇ ಸುಟ್ಟಿದ್ದೀರಿ.
- ಕೊಳವೆಯ ಬಾಯಲ್ಲಿ ಮುರಿದರೆ: ಜೋಡಣೆ ಸಡಿಲ ಅಥವಾ ಗಿಡ್ಡ.
- ಉಂಗುರದ ಪಾದದಲ್ಲಿ ಮುರಿದರೆ: ಪಾದದ ತುದಿ ಚೂಪಾಗಿತ್ತು.
- ಉದ್ದಕ್ಕೆ ಸೀಳಿದ್ದರೆ: ಬಿಸಿಲಿನಲ್ಲಿ ಒಣಗಿಸಿದ್ದೀರಿ.
- ಒಳಗಿಂದ ಹಿಟ್ಟಿನಂಥ ಪುಡಿ ಉದುರಿದರೆ: ಕಡಿದ ಕಾಲ ತಪ್ಪು, ಹದವೂ ಸಾಲದು.

ಎಚ್ಚರಿಕೆ

ನಮ್ಮ ತೋಟಗಳ ಮೇಲೆ ವಿದ್ಯುತ್ ತಂತಿಗಳು ಹಾದು ಹೋಗುತ್ತವೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಆದ ಸಾವುಗಳನ್ನು ಮಲೆನಾಡು ಕಂಡಿದೆ. ಗಾಳದ ಕೋಲೂ ಅಷ್ಟೇ ಅಪಾಯಕಾರಿ. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆಯಾದ ಬಿದಿರಿನಲ್ಲೂ ಹರಿಯುತ್ತದೆ. ತಂತಿ ಹಾದಿರುವ ಕೆರೆಯ ಬದಿಯಲ್ಲಿ ಗಾಳ ಎಸೆಯಬಾರದು. ತಂತಿಯ ಕೆಳಗೆ ನಡೆಯುವಾಗ ಕೋಲನ್ನು ಬಿಚ್ಚಿ ಅಡ್ಡವಾಗಿ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಮನೆ ಸೇರಬೇಕು. ಮಕ್ಕಳ ಕೈಗೆ ಕೋಲು ಕೊಡುವಾಗ ಈ ಎರಡು ಮಾತುಗಳನ್ನು ಮೊದಲು ಹೇಳಬೇಕು.

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ ಅಭಯಾರಣ್ಯಗಳ ಒಳಗಿನ ಹೊಳೆಹಳ್ಳಗಳಲ್ಲಿ ಗಾಳ ಹಾಕುವಂತಿಲ್ಲ. ಶೃಂಗೇರಿಯ ತುಂಗೆಯಂತೆ ದೇವರ ಮೀನೆಂದು ಜನ ಕಾಯ್ದುಕೊಂಡಿರುವ ಮಡುಗಳನ್ನೂ ಮುಟ್ಟಬಾರದು. ಗುತ್ತಿಗೆಗೆ ಹೋದ ಸರ್ಕಾರಿ ಕೆರೆಗಳಲ್ಲಿ ಗುತ್ತಿಗೆದಾರರ ಒಪ್ಪಿಗೆ ಬೇಕು. ತೋಟೆ ಸಿಡಿಸುವುದು, ನೀರಿಗೆ ವಿಷ ಹಾಕುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಮುಂಗಾರಿನ ಮೊದಲ ನೆರೆಗೆ ಹಳ್ಳದಿಂದ ಗದ್ದೆಗೆ ಹತ್ತುವ ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಯಿರುತ್ತದೆ. ಅವುಗಳನ್ನು ಬಿಟ್ಟರೆ ಮುಂದಿನ ವರ್ಷಕ್ಕೆ ಮೀನಿರುತ್ತದೆ. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಡದೆ ಮನೆಗೆ ತನ್ನಿ. ನೀರುಕಾಗೆ, ಮಿಂಚುಳ್ಳಿಗಳ ಕಾಲಿಗೆ ಅದು ಉರುಳಾಗುತ್ತದೆ.

ಕೊನೆಯದಾಗಿ, ಕೋಲು ಎಷ್ಟು ಚೆನ್ನಾಗಿದ್ದರೂ ನೀರು ಚೆನ್ನಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ಬೋರ್ಡೋ ದ್ರಾವಣದ ಮೈಲುತುತ್ತ ಮೀನಿಗೆ ವಿಷ. ಸಿಂಪರಣೆಯ ಪೀಪಾಯಿ, ಪಂಪುಗಳನ್ನು ಕೆರೆಯಲ್ಲಿ ತೊಳೆಯಬಾರದು. ಹಣ್ಣು ಪಲ್ಪಿಂಗ್ ಮಾಡಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ತೀರಿ ಕೆಳಗಿನ ಊರಿನವರೆಗೂ ಮೀನು ಸಾಯುತ್ತದೆ. ಹೇಮಾವತಿ, ಭದ್ರೆಯರು ಹುಟ್ಟುವ ಸೀಮೆ ನಮ್ಮದು. ಇಲ್ಲಿ ಕೆಟ್ಟ ನೀರು ಮುಂದೆ ಎಷ್ಟೋ ಊರುಗಳನ್ನು ಮುಟ್ಟುತ್ತದೆ.

ಈ ನವೆಂಬರಿನಲ್ಲಿ ನಾಲ್ಕು ಗಳ ಕಡಿದು ಅಟ್ಟಕ್ಕೇರಿಸಿದರೆ, ಹೂವಿಗೆ ನೀರು ಕೊಟ್ಟು ಬಿಡುವಾಗುವ ಹೊತ್ತಿಗೆ ಗಳ ಒಣಗಿರುತ್ತದೆ. ಬೇಸಿಗೆಯಲ್ಲಿ ಕೆರೆ ಇಳಿದಾಗ ಕೋಲು ಕೈಯಲ್ಲಿರುತ್ತದೆ. ಕೆರೆಗೆ ಯಾವ ಮರಿ, ಎಷ್ಟು ಮರಿ ಬಿಡಬೇಕು ಎಂಬ ಬಗ್ಗೆ ರೈತ ಬಾಂಧವರು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲೀ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲೀ ಸಂಪರ್ಕಿಸಬಹುದು.